ಪೈಥಾನ್ ಭಾಷೆಯಲ್ಲಿ ಸ್ವಂತ ಫಂಕ್ಷನ್ನುಗಳ ರಚನೆ: ಅಕ್ಷರಗಣನೆಯ ಒಂದು ನಿದರ್ಶನ

‘ಕನ್ನಡ’ ಎಂಬ ಶಬ್ದದಲ್ಲಿ ಅಕ್ಷರಗಳೆಷ್ಟೆಂದು ಪ್ರಾಥಮಿಕ ಶಾಲೆಯ ಹುಡುಗನನ್ನು ಕೇಳಿದರೆ ಅವನು ಮೂರು ಎನ್ನುವನು. ಅದೇ ಪ್ರಶ್ನೆಯನ್ನು ಪೈಥಾನ್ ಭಾಷೆಯ ಮೂಲಕ ಗಣಕಯಂತ್ರಕ್ಕೆ ಒಡ್ಡಿದರೆ ಐದು ಎಂಬ ಉತ್ತರ ದೊರೆಯುತ್ತದೆ. ‘ರಾಷ್ಟ್ರ’ ಎಂಬುದರಲ್ಲಿ ನಮ್ಮ ಎಣಿಕೆಗೆ ಸಿಕ್ಕುವುದು ಎರಡು ಅಕ್ಷರ, ಯಂತ್ರದ ಎಣಿಕೆಗೆ ಏಳು. ಇಲ್ಲಿ ಯಂತ್ರ ಕೂಡುವುದರಲ್ಲಿ ತಪ್ಪಿದೆಯೆಂದು ಹೇಳುವಂತಿಲ್ಲ. ನಾವು ಯಾವುದನ್ನು ಅಕ್ಷರವೆಂದು ಕರೆಯುತ್ತೇವೆಯೋ ಅದನ್ನು ಅದಕ್ಕೆ ಯಾರೂ ತಿಳಿಸಿಲ್ಲ. ತಿಳಿಸದೆ ಕೇಳಿದ ಪ್ರಶ್ನೆಗೆ ಅದು ತನಗೆ ತಿಳಿದ ರೀತಿಯಲ್ಲಿ ಉತ್ತರಿಸಿದೆ, ಅಷ್ಟೆ.

ಭಾಷಾಸಾಹಿತ್ಯಗಳ ಅಧ್ಯಯನದಲ್ಲಿ ಅಂಕಿಗಳ ಬಳಕೆ ಹೆಚ್ಚುತ್ತಿರುವ ಈ ಕಾಲದಲ್ಲಿ ಇದನ್ನು ಅಲ್ಪವಿಷಯವೆಂದು ತಳ್ಳಿಹಾಕುವುದು ಸಾಧ್ಯವಿಲ್ಲ. ಗದ್ಯದಲ್ಲಿ ಪದಗಳ ಸರಾಸರಿ ಉದ್ದ, ಒಬ್ಬ ಕವಿಯ ಶೈಲಿಯಲ್ಲಿ ದೀರ್ಘಪದಗಳ ಪ್ರಮಾಣ, ಪಾಠಪುಸ್ತಕದ ಭಾಷೆಯ ಕಾಠಿಣ್ಯ ಮೊದಲಾದ ವಿಷಯಗಳನ್ನು ಅಂಕಿಗಳ ಮೂಲಕ ವಿವೇಚಿಸುವ ಪ್ರಬಂಧವೊಂದರಲ್ಲಿ ‘ಅಕ್ಷರಗಳ ಸಂಖ್ಯೆ’ ಎಂಬ ತಲೆಬರಹದ ಕೆಳಗೆ ಅಚ್ಚಾದ ಅಂಕಿ ಯಂತ್ರದ ಏಳೋ ನಮ್ಮ ಎರಡೋ ಎಂಬುದು ಗೊತ್ತಾಗದಿದ್ದರೆ, ಆ ಅಂಕಿಯಿಂದ ಹೊರಡಿಸಿದ ನಿರ್ಣಯಕ್ಕೆ ಬೆಲೆಯೇನು? ಒತ್ತಕ್ಷರಗಳು ಹೆಚ್ಚಾಗಿರುವ ಸಂಸ್ಕೃತಭೂಯಿಷ್ಠ ಶೈಲಿಯ ಪದಗಳು ಯಂತ್ರದ ಕಣ್ಣಿಗೆ ಇದ್ದುದಕ್ಕಿಂತ ಬಹಳ ಉದ್ದವಾಗಿಯೂ, ಅಚ್ಚಗನ್ನಡದ ಪದಗಳು ಅಷ್ಟು ಉದ್ದವಿಲ್ಲದೆಯೂ ಕಾಣುವುದರಿಂದ, ದೋಷವು ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುವುದೂ ಇಲ್ಲ. ಎರಡು ಶೈಲಿಗಳನ್ನು ಹೋಲಿಸಹೊರಟವನಿಗೆ ಅದು ಇಲ್ಲದ ವ್ಯತ್ಯಾಸವನ್ನು ಇರುವಂತೆ ತೋರಿಸಬಲ್ಲುದು.

ಇದಕ್ಕಿರುವ ಪರಿಹಾರವೇ ಸ್ವಂತ ಫಂಕ್ಷನ್ನಿನ ರಚನೆ. ಕಾರ್ಯಕ್ರಮ ಬರೆಯುವ ಅಭ್ಯಾಸವಿಲ್ಲದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅದರ ಕ್ರಮವನ್ನು ಮೇಲಿನ ಒಂದೇ ಸಮಸ್ಯೆಯನ್ನು ಆಧಾರವಾಗಿಟ್ಟುಕೊಂಡು ನಿರೂಪಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ಭಾಷೆಯ ವಿಷಯವಾಗಿ ಎರಡು ಮಾತು. ಪೈಥಾನ್ ಎಂಬುದನ್ನು ನೆದರ್ಲೆಂಡ್ಸಿನ ಗೈಡೋ ಫಾನ್ ರೋಸಮ್ ಎಂಬಾತ ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕಶಾಸ್ತ್ರದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ರಚಿಸಿ 1991ರಲ್ಲಿ ಹೊರತಂದನು. ಬರೆದ ಆಜ್ಞೆಗಳನ್ನು ಒಡನೆಯೇ ನಡೆಸಿ ಫಲಿತಾಂಶ ತೋರಿಸುವ, ಆರಂಭದ ವಿಧಿಗಳು ಕಡಮೆಯಾಗಿರುವ ಇಂತಹ ಭಾಷೆಗಳನ್ನು ಸ್ಕ್ರಿಪ್ಟ್ ಭಾಷೆಗಳೆಂದು ಕರೆಯುವುದು ರೂಢಿ. 2008ರ ಡಿಸೆಂಬರಿನಲ್ಲಿ ಬಂದ ಇದರ ಮೂರನೆಯ ಆವೃತ್ತಿ ಕನ್ನಡಿಗರಿಗೆ ಎರಡು ಉಪಕಾರಗಳನ್ನು ಮಾಡಿದೆ. ಒಂದು, ಬರಹವೆಲ್ಲವನ್ನೂ ಯೂನಿಕೋಡ್ ಚಿಹ್ನೆಗಳ ಸಾಲೆಂದು ಅದು ಪರಿಗಣಿಸುತ್ತದೆ. ಹಿಂದಿನ ಆವೃತ್ತಿಯಲ್ಲಿ ‘ಕನ್ನಡ’ ಎಂಬುದರ ಉದ್ದ ಸಾಮಾನ್ಯವಾಗಿ ಹದಿನೈದು ಎಂದು ಬರುತ್ತಿತ್ತು, ಏಕೆಂದರೆ ಅಲ್ಲಿ ಎಣಿಸುತ್ತಿದ್ದುದು ಬೈಟುಗಳನ್ನು, ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟುಗಳು ತಗಲುತ್ತವೆ. ಎರಡನೆಯದು, ನಾವು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯುವ ಸ್ವಾತಂತ್ರ್ಯ. ಸಂಖ್ಯೆಗಳನ್ನು ಮಾತ್ರ ಕಾರ್ಯಕ್ರಮದೊಳಗೆ ಕನ್ನಡದ ಅಂಕಿಗಳಲ್ಲಿ ಬರೆಯುವಂತಿಲ್ಲ.

ಭಾಷೆಯ ಸ್ವಂತ ಶಬ್ದಗಳು ಇಂಗ್ಲಿಷಿನವು. ಈ ಪುಟಗಳಲ್ಲಿ ಅವನ್ನು ಕನ್ನಡ ಲಿಪಿಯಲ್ಲಿ ಅಚ್ಚುಮಾಡಿದ್ದೇವೆ. ಯಂತ್ರಕ್ಕೆ ಕೊಡುವಾಗ ಅವುಗಳನ್ನು ಇಂಗ್ಲಿಷಿನ ಕಾಗುಣಿತದಂತೆ ರೋಮನ್ ಲಿಪಿಯಲ್ಲಿಯೇ ಬರೆಯತಕ್ಕದ್ದು. ಟ್ರೂ, ಫಾಲ್ಸ್, ನನ್ ಎಂಬ ಮೂರರ ಮೊದಲ ಅಕ್ಷರ ದೊಡ್ಡದು. ಇಲ್ಲಿ ಬರುವ ಉಳಿದ ಶಬ್ದಗಳೆಲ್ಲ ಚಿಕ್ಕಕ್ಷರದವು. ‘ಡೆಫ್’ ಎಂಬುದು ಡಿಫೈನ್ ಎಂಬ ಶಬ್ದದ ಮೊದಲ ಮೂರು ಅಕ್ಷರ. ‘ಲೆನ್’ ಎಂಬುದು ಲೆಂಗ್ತ್ ಎಂಬುದರ ಮೊದಲ ಮೂರು. ‘ಆರ್ಡ್’ ಎಂಬುದು ಆರ್ಡಿನಲ್ ಎಂಬುದರ ಮೊದಲ ಮೂರು.

ಗಣಿತವನ್ನು ಓದಿದವರಿಗೆ ಫಂಕ್ಷನ್ ಎಂಬ ಕಲ್ಪನೆ ಹೊಸದಲ್ಲ: ಒಂದು ವಸ್ತುವನ್ನು ಕೊಟ್ಟರೆ ನಿಯಮಾನುಸಾರವಾಗಿ ಇನ್ನೊಂದನ್ನು ಕೊಡುವ ಸಂಬಂಧ ಅದು. ಗಣಕದಲ್ಲಿಯೂ ಅರ್ಥ ಹೆಚ್ಚುಕಡಮೆ ಅದೇ. ಮೇಲಾಗಿ, ಪದೇಪದೇ ಬೇಕಾಗುವ ಕೆಲಸವನ್ನು ಒಮ್ಮೆ ಬರೆದಿಟ್ಟು ಬೇಕಾದಾಗ ಹೆಸರಿನಿಂದ ಕರೆಯುವ ಅನುಕೂಲವೂ ಉಂಟು. ಕೇಂಬ್ರಿಜಿನಲ್ಲಿ 1949ರಲ್ಲಿ ಕೆಲಸಕ್ಕೆ ತೊಡಗಿದ ಎಡ್ಸ್ಯಾಕ್ ಯಂತ್ರಕ್ಕಾಗಿ ಇಂಥ ಉಪಕಾರ್ಯಕ್ರಮಗಳ ಭಂಡಾರವನ್ನೇ ಸಿದ್ಧಪಡಿಸಿದ್ದರು. ವಿಲ್ಕ್ಸ್, ವ್ಹೀಲರ್, ಗಿಲ್ ಎಂಬ ಮೂವರು 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ವಿವರಣೆಯಿದೆ. ಆದರೆ ನಮ್ಮ ವಾಚಕರಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ವ್ಯಾಕರಣಶಾಸ್ತ್ರದಲ್ಲಿ ಸಿಕ್ಕುತ್ತದೆ. ಪಾಣಿನಿಯ ಅಷ್ಟಾಧ್ಯಾಯಿ ಆರಂಭವಾಗುವುದು ಒಂದು ಸಂಜ್ಞಾಸೂತ್ರದಿಂದ. ‘ವೃದ್ಧಿ’ ಎಂದರೆ ಯಾವ ಸ್ವರಗಳು ಎಂಬುದನ್ನು ಅಲ್ಲಿ ನಿರ್ಣಯಿಸಿ, ಮುಂದೆ ಆ ಹೆಸರನ್ನು ಮಾತ್ರ ಹೇಳಿ ಕೆಲಸ ಸಾಗಿಸುತ್ತಾನೆ. ಸ್ವಂತ ಫಂಕ್ಷನ್ನನ್ನು ಬರೆಯುವುದೂ ಸಂಜ್ಞಾಸೂತ್ರವನ್ನು ರಚಿಸುವಂಥದೇ ಕೆಲಸ. ಶ್ರಮವನ್ನು ಉಳಿಸುವುದು ಅದರ ಒಂದು ಪ್ರಯೋಜನ. ಶಬ್ದದ ಅರ್ಥವನ್ನು ಗೊತ್ತುಪಡಿಸುವುದು ಅದಕ್ಕಿಂತ ಮುಖ್ಯವಾದ ಪ್ರಯೋಜನವೆಂದು ನಾವು ಭಾವಿಸುತ್ತೇವೆ.

ಇನ್ನು ಪ್ರಕೃತ ವಿಷಯ. ಯಂತ್ರಕ್ಕೆ ‘ಕನ್ನಡ’ ಹೇಗೆ ಕಾಣುತ್ತದೆ? ಯೂನಿಕೋಡಿನಲ್ಲಿ ಕನ್ನಡಕ್ಕಾಗಿ 3200ರಿಂದ 3327ರವರೆಗೆ ಒಟ್ಟು 128 ಸ್ಥಾನಗಳು ಮೀಸಲಾಗಿವೆ. ಭಾರತದ ಇಸ್ಕಿ ಸಂಕೇತಪದ್ಧತಿಯ 1988ರ ರೂಪವನ್ನು ಅನುಸರಿಸಿ ಏರ್ಪಡಿಸಿದ ಕ್ರಮ ಇದು. ‘ಅ’ಕಾರಕ್ಕೆ 3205, ‘ಕ’ಕಾರಕ್ಕೆ 3221, ‘ಹ’ಕಾರಕ್ಕೆ 3257. ವ್ಯಂಜನಗಳಿಗೆಲ್ಲ ಒಳಗೇ ‘ಅ’ಕಾರವಿರುವುದೆಂದು ಭಾವಿಸಲಾಗಿದೆ, ಆ ಸ್ವರವನ್ನು ಕಳೆಯಬೇಕಾದಾಗ 3277ನೆಯ ಸ್ಥಾನದ ಹಲಂತ ಚಿಹ್ನೆಯನ್ನು ಮುಂದಿಡುತ್ತಾರೆ. ಒತ್ತಕ್ಷರಕ್ಕೆ ಬೇರೆ ಸ್ಥಾನವಿಲ್ಲ. ವ್ಯಂಜನ, ಹಲಂತ, ವ್ಯಂಜನ ಎಂಬ ಮೂರರ ಸರಣಿಯೇ ಒತ್ತಕ್ಷರ. ಹೀಗೆ ‘ಕನ್ನಡ’ ಎಂಬುದು ಯಂತ್ರಕ್ಕೆ ಕ, ನ, ಹಲಂತ, ನ, ಡ ಎಂಬ ಐದು ಚಿಹ್ನೆಗಳ ಸಾಲು. ‘ಕರ್ಮ’ ಎಂಬಲ್ಲಿ ನಾವು ಅರ್ಕಾವೊತ್ತನ್ನು ಮಕಾರದ ಬಲಕ್ಕೆ ಬರೆದರೂ ಸಾಲಿನಲ್ಲಿ ರಕಾರವೇ ಮುಂಚೆ ನಿಲ್ಲುತ್ತದೆ. ಕೈಬರಹದ ಕ್ರಮವನ್ನು ಬಿಟ್ಟು ಉಚ್ಚಾರದ ಕ್ರಮವನ್ನು ಹಿಡಿದಿರುವುದು ನಮ್ಮ ಕೆಲಸಕ್ಕೆ ಅನುಕೂಲವೇ ಆಗಿದೆ.

‘ಲೆನ್’ ಎಂಬ ಅಂತರ್ಗತ ಫಂಕ್ಷನ್ ಎಣಿಸುವುದು ಈ ಚಿಹ್ನೆಗಳನ್ನು. ನಮಗೆ ಬೇಕಾದ ಅಕ್ಷರವೋ, ಸ್ವರವೊಂದೇ ಆಗಿರಬಹುದು, ವ್ಯಂಜನಗಳ ಗುಂಪಿನೊಡನೆ ಸ್ವರವಾಗಿರಬಹುದು. ಆದುದರಿಂದ ಹೊಸ ಅಕ್ಷರ ಎಲ್ಲಿ ಆರಂಭವಾಗುತ್ತದೆಂಬುದನ್ನು ಗುರುತಿಸಬೇಕು. ನಿಯಮ ಸರಳವಾಗಿದೆ: ಸ್ವರವಾಗಲಿ ವ್ಯಂಜನವಾಗಲಿ ಬಂದು, ಅದರ ಹಿಂದೆ ಹಲಂತವಿಲ್ಲದಿದ್ದರೆ, ಅಲ್ಲಿ ಹೊಸ ಅಕ್ಷರ. ಗುಣಿತದ ಚಿಹ್ನೆಗಳು, ಅನುಸ್ವಾರ, ವಿಸರ್ಗ, ಹಲಂತ ಇವುಗಳಿಂದ ಹೊಸ ಅಕ್ಷರ ಹುಟ್ಟುವುದಿಲ್ಲ.

ಮೊದಲು ಒಂದು ಚಿಕ್ಕ ಫಂಕ್ಷನ್ನನ್ನು ಬರೆಯೋಣ. ಕೊಟ್ಟ ಚಿಹ್ನೆ ಸ್ವರವೋ ವ್ಯಂಜನವೋ ಆಗಿದ್ದರೆ ‘ಹೌದು’ ಎಂದೂ, ಬೇರೆಯಾದರೆ ‘ಅಲ್ಲ’ ಎಂದೂ ಅದು ಹೇಳಬೇಕು.

ಡೆಫ್ ಮೂಲಾಕ್ಷರವೇ(ಚಿಹ್ನೆ):
    ಸಂಖ್ಯೆ = ಆರ್ಡ್(ಚಿಹ್ನೆ)
    ರಿಟರ್ನ್ 3205 <= ಸಂಖ್ಯೆ <= 3257 ಆರ್ ಸಂಖ್ಯೆ == 3294

ಮೊದಲನೆಯ ಸಾಲಿನಲ್ಲಿ ‘ಡೆಫ್’ ಎಂಬುದು ‘ಇಲ್ಲಿಂದ ಲಕ್ಷಣ ಆರಂಭ’ ಎಂಬ ಸೂಚನೆ. ‘ಮೂಲಾಕ್ಷರವೇ’ ಎಂಬುದು ನಾವಿಟ್ಟ ಹೆಸರು; ಉತ್ತರ ಹೌದು ಅಥವಾ ಅಲ್ಲ ಎಂದಾಗುವ ಕಡೆ ಪ್ರಶ್ನಾರ್ಥಕ ಹೆಸರನ್ನಿಡುವುದು ಒಳ್ಳೆಯ ಅಭ್ಯಾಸ. ಆವರಣದೊಳಗಿನ ‘ಚಿಹ್ನೆ’ ಎಂಬುದು ಬರಲಿರುವ ವಸ್ತುವಿಗೆ ಕಾದಿರಿಸಿದ ಸ್ಥಳ. ಸಾಲಿನ ಕೊನೆಯ ಎರಡು ಚುಕ್ಕೆಗಳನ್ನೂ, ಮುಂದಿನ ಸಾಲುಗಳ ಎಡಗಡೆ ಬಿಟ್ಟಿರುವ ಜಾಗವನ್ನೂ ಮರೆಯಬಾರದು. ಬೇರೆ ಭಾಷೆಗಳಲ್ಲಿ ಅಂದಕ್ಕಾಗಿ ಬಿಡುವ ಜಾಗ ಪೈಥಾನಿನಲ್ಲಿ ವ್ಯಾಕರಣದ ಅಂಗವಾಗಿದೆ. ಒಳಸರಿದ ಸಾಲುಗಳಷ್ಟೇ ಫಂಕ್ಷನ್ನಿಗೆ ಸೇರಿದವು. ‘ಆರ್ಡ್’ ಎಂಬುದು ಚಿಹ್ನೆಯ ಸ್ಥಾನಸಂಖ್ಯೆಯನ್ನು ಕೊಡುತ್ತದೆ. ಕೊನೆಯ ಸಾಲಿನ ‘ಆರ್’ ಎಂದರೆ ‘ಅಥವಾ’.

3294 ಎಂಬ ಒಂಟಿ ಸಂಖ್ಯೆ ಅಲ್ಲಿ ಏಕೆ ಬಂದಿತೆಂದು ವಾಚಕರು ಕೇಳಬಹುದು. ಅದು ಹಳಗನ್ನಡದ ‘ೞ’ಕಾರದ ಸ್ಥಾನ. ಉಳಿದ ವ್ಯಂಜನಗಳ ಸಾಲಿನಿಂದ ದೂರವಾಗಿ ಅದನ್ನಿಟ್ಟಿರುವುದಲ್ಲದೆ, ಯೂನಿಕೋಡಿನ ಇಂಗ್ಲಿಷ್ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂಬ ಹೆಸರು ಬಿದ್ದುಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ಪದ್ಧತಿಯ ನಿಯಮವಾದ್ದರಿಂದ, ತಪ್ಪು ತಿಳಿದ ಮೇಲೂ ಹೆಸರು ಹಾಗೆಯೇ ಉಳಿದು, ಸರಿಯಾದುದನ್ನು ಪರ್ಯಾಯನಾಮವಾಗಿ ಸೇರಿಸಬೇಕಾಯಿತು. ಪಂಪನನ್ನೋ ರನ್ನನನ್ನೋ ಯಂತ್ರದಿಂದ ಓದಿಸುವವರು ಈ ಒಂದು ಸಂಖ್ಯೆಯನ್ನು ಬಿಟ್ಟರೆ, ಳಕಾರದಿಂದ ಭಿನ್ನವಾದ ಆ ಅಕ್ಷರ ಬರುವ ಪದಗಳೆಲ್ಲ ಗಿಡ್ಡವಾಗಿಬಿಡುತ್ತವೆ. ಹೊಸಗನ್ನಡದ ಬರಹವನ್ನಷ್ಟೇ ಎದುರಿಗಿಟ್ಟುಕೊಂಡು ಬೇರೊಬ್ಬರು ರಚಿಸಿದ ಫಂಕ್ಷನ್ನಿನಲ್ಲಿ ಅದು ಇರುವುದೆಂಬ ಭರವಸೆಯಿಲ್ಲ.

ಈಗ ಎಣಿಸುವ ಫಂಕ್ಷನ್:

ಹಲಂತ = ಸಿಎಚ್‌ಆರ್(3277)

ಡೆಫ್ ಅಕ್ಷರ_ಎಣಿಕೆ(ಪದ):
    ಎಣಿಕೆ = 0
    ಹಿಂದಿನದು = ""
    ಫಾರ್ ಚಿಹ್ನೆ ಇನ್ ಪದ:
        ಇಫ್ ಮೂಲಾಕ್ಷರವೇ(ಚಿಹ್ನೆ) ಅಂಡ್ ಹಿಂದಿನದು != ಹಲಂತ:
            ಎಣಿಕೆ = ಎಣಿಕೆ + 1
        ಹಿಂದಿನದು = ಚಿಹ್ನೆ
    ರಿಟರ್ನ್ ಎಣಿಕೆ

ಸಿ, ಎಚ್, ಆರ್ ಎಂಬ ಮೂರು ಅಕ್ಷರಗಳ ಅಂತರ್ಗತ ಫಂಕ್ಷನ್ ‘ಆರ್ಡ್’ ಎಂಬುದಕ್ಕೆ ವಿಲೋಮ. ಸಂಖ್ಯೆಯನ್ನು ಕೊಟ್ಟರೆ ಚಿಹ್ನೆಯನ್ನು ಕೊಡುತ್ತದೆ. ‘ಫಾರ್ … ಇನ್’ ಎಂಬುದು ಪದದ ಚಿಹ್ನೆಗಳನ್ನು ಒಂದಾದಮೇಲೊಂದರಂತೆ ತೆಗೆದುಕೊಳ್ಳುವ ವಿಧಾನ, ‘!=’ ಎಂದರೆ ಸಮನಲ್ಲ. ‘ಕನ್ನಡ’ ಎಂಬುದನ್ನು ಕೊಟ್ಟು ಬೆರಳಿಟ್ಟು ನೋಡೋಣ. ಕಕಾರದ ಹಿಂದೆ ಏನೂ ಇಲ್ಲ, ಎಣಿಕೆ ಒಂದು. ನಕಾರದ ಹಿಂದೆ ಕಕಾರ, ಎಣಿಕೆ ಎರಡು. ಹಲಂತ ಮೂಲಾಕ್ಷರವಲ್ಲ, ಎರಡನೆಯ ನಕಾರದ ಹಿಂದೆ ಹಲಂತವಿದೆ, ಇವೆರಡೂ ಎಣಿಕೆಗೆ ಬರುವುದಿಲ್ಲ. ಡಕಾರದೊಡನೆ ಎಣಿಕೆ ಮೂರಾಯಿತು. ಯಂತ್ರವನ್ನು ಮುಟ್ಟುವ ಮುನ್ನ ಕಾಗದದ ಮೇಲೆ ಹೀಗೆ ಹೆಜ್ಜೆಹೆಜ್ಜೆಯಾಗಿ ನಡೆಸಿ ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕೆಂದು ಅಧ್ಯಾಪಕರಲ್ಲಿ ನಮ್ಮ ಸೂಚನೆ.

ಎರಡನೆಯ ಫಂಕ್ಷನ್ ಮೊದಲನೆಯದನ್ನು ಹೆಸರಿನಿಂದ ಕರೆದಿರುವುದನ್ನು ಗಮನಿಸಬೇಕು. ಅಲ್ಲದೆ ‘ಎಣಿಕೆ’, ‘ಹಿಂದಿನದು’ ಎಂಬ ಹೆಸರುಗಳು ಫಂಕ್ಷನ್ನಿನ ಒಳಗಿನವು; ಹೊರಗೆ ಬೇರೆಡೆ ಅದೇ ಹೆಸರುಗಳಿದ್ದರೂ ಘರ್ಷಣೆಯಿಲ್ಲ. ಇದರ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ.

‘ರಿಟರ್ನ್’ ಎಂಬುದರ ಬಗೆಗೆ ಹೇಳಬೇಕಾದುದಿದೆ. ಹೊಸಬರು ಅದರ ಬದಲು ‘ಪ್ರಿಂಟ್’ ಎಂದು ಬರೆಯುವುದು ಬಹು ಸಾಮಾನ್ಯ. ತೆರೆಯ ಮೇಲೆ ಎರಡು ಸಂದರ್ಭಗಳಲ್ಲಿಯೂ 3 ಎಂದೇ ಕಾಣುವುದರಿಂದ ವ್ಯತ್ಯಾಸ ಅವರ ಗಮನಕ್ಕೆ ಬರುವುದಿಲ್ಲ. ‘ಪ್ರಿಂಟ್’ ಎಂಬುದು ಉತ್ತರವನ್ನು ಕೂಗಿ ಹೇಳಿದಂತೆ. ‘ರಿಟರ್ನ್’ ಎಂಬುದು ಕೇಳಿದವರ ಕೈಗೆ ಚೀಟಿ ಬರೆದು ಕೊಟ್ಟಂತೆ. ನೂರು ಪದಗಳ ಎಣಿಕೆಗಳನ್ನು ಕೂಡಿಸಿ ಸರಾಸರಿ ತೆಗೆಯಬೇಕಾದವನಿಗೆ ಕೂಗಿನಿಂದ ಉಪಯೋಗವಿಲ್ಲ, ಚೀಟಿ ಬೇಕು. ಪ್ರಿಂಟ್ ಮಾಡಿ ಸುಮ್ಮನಾದ ಫಂಕ್ಷನ್ ಕೇಳಿದವರಿಗೆ ‘ನನ್’ ಎಂಬ ಶೂನ್ಯವಸ್ತುವನ್ನು ಕೊಡುತ್ತದೆ. ಅದನ್ನು ಸಂಖ್ಯೆಯೊಡನೆ ಕೂಡಿಸಹೊರಟರೆ ಯಂತ್ರ ದೋಷಸೂಚನೆ ತೋರಿ ನಿಲ್ಲುತ್ತದೆ. ಮನುಷ್ಯನಿಗೆ ತೋರಿಸುವ ಕೆಲಸವನ್ನು ಕಾರ್ಯಕ್ರಮದ ಕಡೆಯ ಸಾಲುಗಳಿಗೆ ಬಿಟ್ಟು, ಫಂಕ್ಷನ್ನುಗಳಿಂದ ಯಾವಾಗಲೂ ಬೆಲೆಯನ್ನು ಹಿಂದಿರುಗಿಸಿಕೊಳ್ಳುವುದೇ ಲೇಸು.

ಫಂಕ್ಷನ್ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಉತ್ತರ ಗೊತ್ತಿರುವ ಪದಗಳನ್ನು ಕೊಟ್ಟು ಪರೀಕ್ಷಿಸಬೇಕು. ಪೈಥಾನಿನಲ್ಲಿ ಅದಕ್ಕೆಂದೇ ‘ಅಸರ್ಟ್’ ಎಂಬ ಶಬ್ದವುಂಟು:

ಅಸರ್ಟ್ ಅಕ್ಷರ_ಎಣಿಕೆ("ಕನ್ನಡ") == 3
ಅಸರ್ಟ್ ಅಕ್ಷರ_ಎಣಿಕೆ("ರಾಷ್ಟ್ರ") == 2
ಅಸರ್ಟ್ ಅಕ್ಷರ_ಎಣಿಕೆ("ಅಂದ") == 2

ಹೇಳಿಕೆ ನಿಜವಾದರೆ ಯಂತ್ರ ಮೌನವಾಗಿ ಮುಂದುವರಿಯುತ್ತದೆ, ಸುಳ್ಳಾದರೆ ಅಲ್ಲಿಯೇ ನಿಲ್ಲುತ್ತದೆ. ಸುಲಭದ ಪದಗಳಿಗಿಂತ ತೊಡಕಿನ ಪದಗಳನ್ನು ಆರಿಸಿಕೊಳ್ಳುವುದರಲ್ಲಿ ಪರೀಕ್ಷಕನ ಜಾಣ್ಮೆ ಇದೆ. ‘ಕೋ’ ಎಂಬ ಒಂದೇ ಅಕ್ಷರವನ್ನು ನೋಡಿ. ಯೂನಿಕೋಡಿನಲ್ಲಿ ಅದನ್ನು ಕಕಾರ, ಓತ್ವ ಎಂದು ಎರಡು ಚಿಹ್ನೆಗಳಲ್ಲಿ ಬರೆಯಬಹುದು. ಕಕಾರ, ಒತ್ವ, ದೀರ್ಘ ಎಂದು ಮೂರರಲ್ಲಿ ಬರೆಯಬಹುದು. ಕಕಾರ, ಎತ್ವ, ಕೊಂಬಿನ ದೀರ್ಘ, ಮತ್ತೆ ದೀರ್ಘ ಎಂದು ನಾಲ್ಕರಲ್ಲಿಯೂ ಬರೆಯಬಹುದು. ತೆರೆಯ ಮೇಲೆ ಮೂರರ ರೂಪವೂ ಒಂದೇ. ‘ಲೆನ್’ ಎಂಬುದು ಬೆರಳಚ್ಚು ಮಾಡಿದವರ ಉಪಕರಣವನ್ನು ಅನುಸರಿಸಿ ಎರಡು, ಮೂರು, ನಾಲ್ಕು ಎನ್ನುತ್ತದೆ. ನಮ್ಮ ಫಂಕ್ಷನ್ ಯಾವಾಗಲೂ ಒಂದು ಎನ್ನುತ್ತದೆ. ಆದರೂ ಬೇರೆ ಕೆಲಸಗಳಿಗಾಗಿ ಈ ರೂಪಭೇದಗಳನ್ನು ಮೊದಲೇ ಏಕರೂಪಕ್ಕೆ ತಂದುಕೊಳ್ಳುವುದು ಉತ್ತಮ. ‘ಯೂನಿಕೋಡ್‌ಡೇಟಾ’ ಎಂಬ ಸಹಾಯಕ ಭಾಗದ ‘ನಾರ್ಮಲೈಸ್’ ಎಂಬ ಫಂಕ್ಷನ್ ಆ ಕೆಲಸವನ್ನು ಮಾಡುತ್ತದೆ.

ಇಲ್ಲಿಯವರೆಗೆ ಯಂತ್ರಕ್ಕೂ ನಮಗೂ ಇದ್ದ ಭಿನ್ನಾಭಿಪ್ರಾಯವನ್ನು ನಿವಾರಿಸಿದೆವು. ಇನ್ನು ಮುಂದೆ ನಮ್ಮನಮ್ಮಲ್ಲಿಯೇ ಭಿನ್ನಾಭಿಪ್ರಾಯ. ‘ಬಸ್’ ಎಂಬುದರಲ್ಲಿ ಅಕ್ಷರಗಳೆಷ್ಟು? ಮೇಲಿನ ಫಂಕ್ಷನ್ ಎರಡು ಎನ್ನುತ್ತದೆ. ಕಾಗುಣಿತ ಹೇಳಿಕೊಡುವ ಉಪಾಧ್ಯಾಯರೂ ಎರಡೆನ್ನುವರು. ಆದರೆ ಹಳಗನ್ನಡದ ‘ಪೊನ್’ ಎಂಬುದನ್ನು ವೃತ್ತವೊಂದರಲ್ಲಿ ಎಣಿಸುವ ಛಂದಸ್ಸಿನ ವಿದ್ಯಾರ್ಥಿಗೆ ಅದು ಒಂದೇ ಅಕ್ಷರ, ಗುರು. ಸ್ವರವಿಲ್ಲದ ವ್ಯಂಜನ ತಾನಾಗಿ ನಿಲ್ಲಲಾರದೆ ಹಿಂದಿನ ಅಕ್ಷರಕ್ಕೆ ಸೇರಿಹೋಗುತ್ತದೆ. ಉತ್ಪಲಮಾಲೆಯ ಪಾದಕ್ಕೆ ಇಪ್ಪತ್ತು, ಚಂಪಕಮಾಲೆಯ ಪಾದಕ್ಕೆ ಇಪ್ಪತ್ತೊಂದು, ಶಾರ್ದೂಲವಿಕ್ರೀಡಿತಕ್ಕೆ ಹತ್ತೊಂಬತ್ತು, ಮಹಾಸ್ರಗ್ಧರೆಗೆ ಇಪ್ಪತ್ತೆರಡು ಎಂಬ ಲೆಕ್ಕಗಳು ನಿಲ್ಲುವುದು ಈ ಎರಡನೆಯ ಅರ್ಥದ ಅಕ್ಷರದ ಮೇಲೆ. ಎರಡೂ ಅರ್ಥಗಳು ಅವುಗಳ ಸ್ಥಾನದಲ್ಲಿ ಸಾಧುವಾದವು. ಆದುದರಿಂದ ಒಂದನ್ನು ತೆಗೆದು ಇನ್ನೊಂದನ್ನು ಇಡುವ ಬದಲು, ಯಾವ ಅರ್ಥ ಬೇಕೆಂಬುದನ್ನು ಕೇಳುವವನೇ ಹೇಳುವಂತೆ ಮಾಡುವುದು ಯುಕ್ತ. ಲಕ್ಷಣದ ಮೊದಲನೆಯ ಸಾಲನ್ನು ಹೀಗೆ ತಿದ್ದಬೇಕು:

ಡೆಫ್ ಅಕ್ಷರ_ಎಣಿಕೆ(ಪದ, ಛಂದಸ್ಸಿಗೆ=ಫಾಲ್ಸ್):

ಕೊನೆಯ ‘ರಿಟರ್ನ್’ ಸಾಲಿಗೆ ಮುಂಚೆ, ‘ಫಾರ್’ ಎಂಬುದರ ನೇರಕ್ಕೆ, ಈ ಎರಡು ಸಾಲುಗಳನ್ನು ಸೇರಿಸಬೇಕು:

    ಇಫ್ ಛಂದಸ್ಸಿಗೆ ಅಂಡ್ ಹಿಂದಿನದು == ಹಲಂತ:
        ಎಣಿಕೆ = ಎಣಿಕೆ - 1

ಆವರಣದೊಳಗೆ ‘ಛಂದಸ್ಸಿಗೆ=ಫಾಲ್ಸ್’ ಎಂದು ಬರೆದುದರ ತಾತ್ಪರ್ಯವೇನೆಂದರೆ, ಕೇಳುವವನು ಏನೂ ಹೇಳದಿದ್ದರೆ ‘ಅಲ್ಲ’ ಎಂದು ಭಾವಿಸತಕ್ಕದ್ದು. ‘ಪೊನ್’ ಎಂಬುದನ್ನು ಸುಮ್ಮನೆ ಕೊಟ್ಟರೆ ಉತ್ತರ ಎರಡು; ‘ಛಂದಸ್ಸಿಗೆ=ಟ್ರೂ’ ಎಂದು ಸೇರಿಸಿ ಕೊಟ್ಟರೆ ಒಂದು. ಪ್ರಬಂಧದಲ್ಲಿ ಯಾವುದನ್ನು ಬಳಸಿದೆಯೆಂಬುದು ಕರೆದ ಸಾಲಿನಲ್ಲಿಯೇ ಕಾಣುವುದರಿಂದ, ಅಂಕಿಯನ್ನು ಪರಿಶೀಲಿಸಬಯಸುವ ಪರೀಕ್ಷಕರಿಗೂ ಅನುಕೂಲ. ಲಕ್ಷಣದ ಸಾಲಿನ ಕೆಳಗೆ ಮೂರು ಮೂರು ಉದ್ಧರಣಚಿಹ್ನೆಗಳ ನಡುವೆ ಫಂಕ್ಷನ್ನಿನ ಉದ್ದೇಶವನ್ನು ಒಂದೆರಡು ಕನ್ನಡ ವಾಕ್ಯಗಳಲ್ಲಿ ಬರೆದಿಟ್ಟರೆ, ‘ಹೆಲ್ಪ್’ ಎಂಬ ಅಂತರ್ಗತ ಫಂಕ್ಷನ್ ಅದನ್ನು ಬೇಕಾದಾಗ ತೋರಿಸುತ್ತದೆ. ‘ಅಕ್ಷರವೆಂದರೆ ಇಲ್ಲಿ ಇಂಥದು’ ಎಂಬ ವಾಕ್ಯಕ್ಕೆ ಅದಕ್ಕಿಂತ ತಕ್ಕ ಸ್ಥಳವಿಲ್ಲ.

ಛಂದಸ್ಸಿನ ಮಾತು ಬಂದುದರಿಂದ ಮಾತ್ರೆಗಳ ಎಣಿಕೆಯನ್ನೂ ಸ್ವಲ್ಪ ವಿಚಾರಿಸೋಣ. ಫಂಕ್ಷನ್ನಿಗೆ ಏನನ್ನು ಕೊಡಬೇಕೆಂಬ ಪ್ರಶ್ನೆ ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಸ್ವರವುಳ್ಳದ್ದು, ಅನುಸ್ವಾರ ವಿಸರ್ಗಗಳಿಂದ ಕೂಡಿದ್ದು, ಒತ್ತಕ್ಷರದ ಹಿಂದಿರುವುದು ಗುರು. ಈ ಕಡೆಯ ನಿಯಮದಿಂದಾಗಿ ಒಂದು ಅಕ್ಷರವನ್ನು ಮಾತ್ರ ನೋಡಿ ಅದು ಗುರುವೋ ಲಘುವೋ ಎಂದು ಹೇಳುವುದು ಅಸಾಧ್ಯ, ಮುಂದಿನದೂ ಬೇಕು. ಆದುದರಿಂದ ಫಂಕ್ಷನ್ನಿಗೆ ಎರಡು ವಸ್ತುಗಳನ್ನು ಕೊಡಬೇಕಾಗುತ್ತದೆ:

ಡೆಫ್ ಗುರುವೇ(ಅಕ್ಷರ, ಮುಂದಿನದು):
    ಫಾರ್ ಚಿಹ್ನೆ ಇನ್ ಅಕ್ಷರ:
        ಇಫ್ ಚಿಹ್ನೆ ಇನ್ ದೀರ್ಘಗಳು:
            ರಿಟರ್ನ್ ಟ್ರೂ
    ರಿಟರ್ನ್ ಹಲಂತ ಇನ್ ಮುಂದಿನದು

‘ದೀರ್ಘಗಳು’ ಎಂಬುದು ದೀರ್ಘಸ್ವರಗಳು, ಐಕಾರ, ಔಕಾರ, ಅವುಗಳ ಗುಣಿತಚಿಹ್ನೆಗಳು, ಅನುಸ್ವಾರ, ವಿಸರ್ಗ ಇವನ್ನೆಲ್ಲ ಸೇರಿಸಿ ಮೊದಲೇ ಬರೆದಿಟ್ಟುಕೊಂಡ ಸಾಲು. ‘ಅಮ್ಮ’ ಎಂಬಲ್ಲಿ ಅಕಾರದ ಮುಂದಿನ ‘ಮ್ಮ’ದಲ್ಲಿ ಹಲಂತವಿರುವುದರಿಂದ ಅಕಾರ ಗುರು; ‘ಮ್ಮ’ ಲಘು; ಒಟ್ಟು ಮೂರು ಮಾತ್ರೆ. ಒತ್ತಕ್ಷರದ ಮೇಲೆಯೇ ಗುರುಚಿಹ್ನೆ ಹಾಕಿಬಿಡುವುದು ತರಗತಿಯಲ್ಲಿ ಮಕ್ಕಳು ಮಾಡುವ ತಪ್ಪು. ಹಲಂತವನ್ನು ‘ಮುಂದಿನದು’ ಎಂಬುದರಲ್ಲಿ ಹುಡುಕದೆ ‘ಅಕ್ಷರ’ದಲ್ಲಿಯೇ ಹುಡುಕಿದರೆ ಯಂತ್ರವೂ ಅದನ್ನೇ ಮಾಡುತ್ತದೆ. ‘ಪೊನ್’ ಎಂಬಲ್ಲಿ ‘ನ್’ ಎಂಬುದರಲ್ಲಿ ಹಲಂತವಿರುವುದರಿಂದ ‘ಪೊ’ ತಾನಾಗಿಯೇ ಗುರುವಾಗುತ್ತದೆ. ಆ ‘ನ್’ ಎಂಬುದನ್ನು ಬೇರೆಯಾಗಿ ಲೆಕ್ಕಕ್ಕೆ ಸೇರಿಸದಿರುವ ಎಚ್ಚರ ಮೊತ್ತ ಮಾಡುವ ಫಂಕ್ಷನ್ನಿನದು. ಪದವನ್ನು ಅಕ್ಷರಗಳಾಗಿ ಬಿಡಿಸುವ ಫಂಕ್ಷನ್ನನ್ನು ವಾಚಕರು ತಾವೇ ಬರೆಯಬಹುದು: ಮೇಲೆ ಎಣಿಕೆಯನ್ನು ಒಂದು ಹೆಚ್ಚಿಸಿದ ಕಡೆ ಪಟ್ಟಿಗೆ ಹೊಸ ಅಕ್ಷರವನ್ನು ಸೇರಿಸುವುದು, ಉಳಿದ ಚಿಹ್ನೆಗಳನ್ನು ಪಟ್ಟಿಯ ಕಡೆಯ ಅಕ್ಷರಕ್ಕೆ ಅಂಟಿಸುವುದು, ಇಷ್ಟೇ ಕೆಲಸ.

ಹೀಗೆ ಕಟ್ಟಿದ ಮಾತ್ರೆಯ ಫಂಕ್ಷನ್ನನ್ನು ಪರೀಕ್ಷಿಸಲು ಕುಮಾರವ್ಯಾಸನ ಭಾಮಿನಿಗಿಂತ ಒಳ್ಳೆಯ ಒರೆಗಲ್ಲು ಸಿಕ್ಕದು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು, ಆರನೆಯ ಸಾಲುಗಳಿಗೆ 23, ಒಟ್ಟು 102. ಯಂತ್ರದ ಉತ್ತರ ಇದಕ್ಕಿಂತ ಭಿನ್ನವಾದರೆ ಕಾರಣವನ್ನು ಹುಡುಕುವುದೇ ಒಂದು ಪಾಠ. ಸಾಲಿನ ಕೊನೆಯಲ್ಲಿ ಪದ ಒಡೆದು ಒತ್ತಕ್ಷರ ಮುಂದಿನ ಸಾಲಿಗೆ ಹೋಗಿರಬಹುದು. ಸಾಲುಗಳನ್ನು ಬಿಡಿಬಿಡಿಯಾಗಿ ಕೊಟ್ಟಾಗ ಫಂಕ್ಷನ್ನಿಗೆ ಆ ‘ಮುಂದಿನದು’ ಕಾಣುವುದಿಲ್ಲ. ಮೂರನೆಯ ಸಾಲಿನ ಕಡೆಯ ಅಕ್ಷರ ಲಘುವಾಗಿದ್ದರೂ ಪಾದಾಂತವೆಂದು ಗುರುವಾಗಿ ಎಣಿಸುವ ಸಂಪ್ರದಾಯವನ್ನು ಯಂತ್ರಕ್ಕೆ ಹೇಳಿಕೊಡದಿದ್ದರೆ 23ರ ಬದಲು 22 ಬರುತ್ತದೆ. ಮುದ್ರಿತ ಪಾಠದಲ್ಲಿಯೇ ಅಕ್ಷರಸ್ಖಾಲಿತ್ಯವಿರುವುದೂ ಉಂಟು. ಫಂಕ್ಷನ್ ಎಷ್ಟೋ ಬಾರಿ ಕರಡು ತಿದ್ದುವ ಕೆಲಸವನ್ನೂ ಮಾಡಿಕೊಡುತ್ತದೆ.

ಹಳಗನ್ನಡದ ಕಂದವನ್ನು ಎಣಿಸಹೊರಟಾಗ ಇನ್ನೊಂದು ತೊಡಕು ಎದುರಾಗುತ್ತದೆ. ಮೊದಲನೆಯ, ಮೂರನೆಯ ಪಾದಗಳಿಗೆ ಹನ್ನೆರಡು, ಎರಡನೆಯ, ನಾಲ್ಕನೆಯ ಪಾದಗಳಿಗೆ ಇಪ್ಪತ್ತು ಮಾತ್ರೆ ಬರಬೇಕಾದ ಕಡೆ ಒಂದು ಮಾತ್ರೆ ಹೆಚ್ಚಾಗಿ ಬಂದರೆ ಶಿಥಿಲದ್ವಿತ್ವವನ್ನು ಶಂಕಿಸಬೇಕು. ‘ಎರ್ದೆ’ಯಂತಹ ಕೆಲವು ದೇಶ್ಯ ಶಬ್ದಗಳಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಲಘು ಗುರುವಾಗುವುದಿಲ್ಲ. ಯಾವ ಶಬ್ದ ಶಿಥಿಲ, ಯಾವುದು ಅಲ್ಲ ಎಂಬುದನ್ನು ಚಿಹ್ನೆಗಳ ಸಾಲಿನಿಂದ ಕಂಡುಹಿಡಿಯುವ ಮಾರ್ಗವಿಲ್ಲ. ಕೇಶಿರಾಜನನ್ನು ಓದಿದವರು, ಕಾವ್ಯಗಳನ್ನು ಬಾಯಲ್ಲಿ ಹೇಳಿಕೊಂಡವರು ಪಟ್ಟಿಮಾಡಿ ಕೊಡಬೇಕು. ಆ ಪಟ್ಟಿಯನ್ನು ಫಂಕ್ಷನ್ನಿನ ಒಳಗೆ ಹುದುಗಿಸದೆ, ಮೊತ್ತ ಮಾಡುವ ಫಂಕ್ಷನ್ನಿಗೆ ‘ಶಿಥಿಲಗಳು’ ಎಂಬ ಹೆಸರಿನಲ್ಲಿ ಹೊರಗಿನಿಂದ ಕೊಡುವಂತೆ ಏರ್ಪಡಿಸಿದರೆ, ವಿದ್ವಾಂಸರಲ್ಲಿ ಅಭಿಪ್ರಾಯಭೇದವಿದ್ದಾಗ ಪಟ್ಟಿಯನ್ನು ಮಾತ್ರ ಬದಲಾಯಿಸಿ ಮತ್ತೆ ಎಣಿಸಬಹುದು.

ಮೇಲೆ ಹೇಳಿದ ಫಂಕ್ಷನ್ನುಗಳನ್ನೆಲ್ಲ ‘ಅಕ್ಷರಗಣನೆ’ ಎಂಬಂಥ ಹೆಸರಿನ ಒಂದೇ ಕಡತದಲ್ಲಿಟ್ಟು, ಹೆಸರಿನ ಕೊನೆಗೆ ಚುಕ್ಕೆಯೊಡನೆ ಪಿ, ವೈ ಎಂಬ ಎರಡು ರೋಮನ್ ಅಕ್ಷರಗಳನ್ನು ಸೇರಿಸಿದರೆ, ಬೇರೆ ಯಾವ ಕಾರ್ಯಕ್ರಮದಿಂದಲಾದರೂ ‘ಇಂಪೋರ್ಟ್ ಅಕ್ಷರಗಣನೆ’ ಎಂಬ ಒಂದು ಸಾಲಿನಿಂದ ಅವುಗಳನ್ನು ಬಳಸಿಕೊಳ್ಳಬಹುದು. ಕಡತದ ಮೇಲ್ಭಾಗದಲ್ಲಿ ಕಡೆಯ ತಿದ್ದುಪಡಿಯ ದಿನಾಂಕವನ್ನೂ, ಪರೀಕ್ಷೆಯ ‘ಅಸರ್ಟ್’ ಸಾಲುಗಳನ್ನು ಕೆಳಭಾಗದಲ್ಲಿಯೂ ಇಡತಕ್ಕದ್ದು. ಪ್ರಬಂಧವನ್ನು ಒಪ್ಪಿಸುವಾಗ ಅಂಕಿಗಳ ಪಟ್ಟಿಯೊಡನೆ ಈ ಕಡತವನ್ನೂ ಅನುಬಂಧವಾಗಿ ಸೇರಿಸಬೇಕು. ಎಲ್ಲ ಸೇರಿ ಒಂದೆರಡು ಪುಟಗಳಿಗಿಂತ ಹೆಚ್ಚಾಗಲಾರದು.